ಕೆಂಪು ಕೆಟಲ್ ಹಿಂದಿರುವ ಸೈನ್ಯ

ಡಿಸೆಂಬರ್ ಬಂತೆಂದರೆ ಅಮೆರಿಕದ ಅಂಗಡಿಗಳ ಬಾಗಿಲಲ್ಲಿ ಗಂಟೆ ಬಾರಿಸುತ್ತ ನಿಲ್ಲುವವರನ್ನೂ ಪಕ್ಕದಲ್ಲಿ ತೂಗುವ ಕೆಂಪು ಕೆಟಲನ್ನೂ ನೀವು ನೋಡಿರುತ್ತೀರಿ, ಮಕ್ಕಳೇ. 1891ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೋಣಿಕಟ್ಟೆಯಲ್ಲಿ ಕ್ಯಾಪ್ಟನ್ ಜೋಸೆಫ್ ಮೆಕ್‌ಫೀ ಬಡವರ ಕ್ರಿಸ್‌ಮಸ್ ಊಟಕ್ಕೆಂದು ಇಂಥದೊಂದು ಪಾತ್ರೆ ಇಟ್ಟರು. ರೂಢಿ ಶುರುವಾದದ್ದು ಹಾಗೆ. ಇದನ್ನು ನಡೆಸುವ ಸಾಲ್ವೇಶನ್ ಆರ್ಮಿಯನ್ನು ಬಹಳ ಮಂದಿ ಬರೀ ದಾನಸಂಸ್ಥೆ ಅಂದುಕೊಂಡಿದ್ದಾರೆ. ಅದು 130ಕ್ಕೂ ಹೆಚ್ಚು ದೇಶಗಳಲ್ಲಿರುವ ಒಂದು ಕ್ರೈಸ್ತ ಸಭೆ. ಭಾನುವಾರದ ಆರಾಧನೆ ಉಂಟು, ಬೇರೆ ಚರ್ಚುಗಳ ದೀಕ್ಷಾಸ್ನಾನ ಮಾತ್ರ ಇಲ್ಲ. ವಿಲಿಯಂ ಮತ್ತು ಕ್ಯಾಥರೀನ್ ಬೂತ್ ದಂಪತಿ 1865ರಲ್ಲಿ ಲಂಡನ್ನಿನ ಪೂರ್ವಭಾಗದ ಬಡಕೇರಿಗಳಲ್ಲಿ ಆರಂಭಿಸಿದ ಕೆಲಸಕ್ಕೆ 1878ರಲ್ಲಿ ಈ ಹೆಸರು ಬಂತು. ಪಾದ್ರಿ ಇಲ್ಲಿ ಆಫೀಸರ್, ಸದಸ್ಯ ಸೋಲ್ಜರ್, ಎಲ್ಲರ ಮೇಲೆ ಲಂಡನ್ನಿನಲ್ಲಿ ಒಬ್ಬ ಜನರಲ್. ಕೋವಿಯಿಲ್ಲದವರಿಗೆ ಈ ವೇಷ ಏಕೆಂದು ನಗುವವರು ಅಂದೂ ಇದ್ದರು. ಈ ಶಿಸ್ತಿಲ್ಲದಿದ್ದರೆ ಅವರ ಕರುಣೆ ಲಂಡನ್ ದಾಟುತ್ತಿರಲಿಲ್ಲ ಎಂಬುದು ನನ್ನ ವಾದ.

ಬೆಂಕಿಕಡ್ಡಿಯ ಸಂಗತಿಯನ್ನೇ ತೆಗೆದುಕೊಳ್ಳಿ. ಆಗಿನ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹೊಗೆ ಕುಡಿದ ಹೆಣ್ಣುಮಕ್ಕಳ ದವಡೆಯ ಮೂಳೆ ಕೊಳೆತು ಹೋಗುತ್ತಿತ್ತು. ಅನುಕಂಪದ ಭಾಷಣಕ್ಕೆ ಬರವಿರಲಿಲ್ಲ. ಬೂತರ ಜನ 1891ರಲ್ಲಿ ತಮ್ಮದೇ ಕಾರ್ಖಾನೆ ತೆರೆದು, ಅಪಾಯವಿಲ್ಲದ ಕೆಂಪು ರಂಜಕ ಬಳಸಿ, ಹೆಚ್ಚು ಕೂಲಿಯನ್ನೂ ಕೊಟ್ಟರು. ಕಡ್ಡಿ ತುಟ್ಟಿಯಾಯಿತು, ಹತ್ತು ವರ್ಷದಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ವಿಷವಿಲ್ಲದೆ ಕಡ್ಡಿ ಮಾಡಲು ಬರುವುದಿಲ್ಲ ಎಂಬ ಮಾಲೀಕರ ನೆಪ ಉಳಿಯಲಿಲ್ಲ. ಭಿಕ್ಷೆಗಿಂತ ದುಡಿಮೆ ಕೊಡುವುದು ಮೇಲೆಂಬ ಈ ವಿಚಾರವನ್ನು ಹೊತ್ತು, ಕಳಿಸಿದ ಕಡೆಗೆ ಹೊರಡುವ ಆಫೀಸರುಗಳಿದ್ದದ್ದೇ ಸೈನ್ಯದ ಲಾಭ. ಅಂಥ ಆಫೀಸರ್ ಫ್ರೆಡರಿಕ್ ಟಕ್ಕರ್ ಬ್ರಿಟಿಷ್ ಆಡಳಿತದ ಐಸಿಎಸ್ ಹುದ್ದೆ ಬಿಟ್ಟು 1882ರಲ್ಲಿ ಮುಂಬಯಿಗೆ ಬಂದಿಳಿದು, ಫಕೀರ್ ಸಿಂಗ್ ಎಂದು ಹೆಸರಿಟ್ಟುಕೊಂಡು ಬರಿಗಾಲಲ್ಲಿ ತಿರುಗಿದರು. 1910ರ ಸುಮಾರಿಗೆ ಬೆಂಗಳೂರಿನ ಟಾಟಾ ರೇಷ್ಮೆ ಫಾರ್ಮು ಈ ಸೈನ್ಯದ ಕೈಗೆ ಬಂದು, ಅಲ್ಲಿ ರೇಷ್ಮೆ ಸಾಕಣೆಯ ಪಾಠ ನಡೆಯಿತು. ಬಸವನಗುಡಿ ಬಲ್ಲ ನಿಮ್ಮ ಅಜ್ಜಿಯರಿಗೆ ಟಾಟಾ ಸಿಲ್ಕ್ ಫಾರ್ಮ್ ಬಡಾವಣೆ ಗೊತ್ತಿರುತ್ತದೆ; ಅದರ ಹೆಸರು ಈ ಫಾರ್ಮಿನದೇ.

ಮೇಲಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕಡೆ ನ್ಯಾಯ ಹೇಗೆ ಹುಟ್ಟೀತು ಎಂದು ಕೇಳಬಹುದು. ಆದರೆ ಇಲ್ಲಿ ಹೆಂಗಸರಿಗೆ ಮೊದಲಿನಿಂದಲೂ ಆಫೀಸರ್ ಪದವಿ ಇತ್ತು. 1934ರಲ್ಲಿ ಸ್ಥಾಪಕರ ಮಗಳು ಎವಾಂಜೆಲಿನ್ ಬೂತ್ ಜನರಲ್ ಆದರು, ಎಷ್ಟೋ ಸಭೆಗಳು ಇಂದಿಗೂ ಹೆಣ್ಣಿಗೆ ವೇದಿಕೆ ಬಿಡುವುದಿಲ್ಲ. ಅದಕ್ಕೂ ಮೊದಲು ಜನರಲ್ ಆಗಿದ್ದ ಸ್ಥಾಪಕರ ಮಗ ಬ್ರಾಮ್‌ವೆಲ್ ಬೂತ್ ಕಾಯಿಲೆ ಬಿದ್ದು ಅಧಿಕಾರ ಬಿಡದಿದ್ದಾಗ 1929ರಲ್ಲಿ ಹಿರಿಯ ಆಫೀಸರುಗಳ ಹೈ ಕೌನ್ಸಿಲ್ ಮತ ಹಾಕಿ ಅವರನ್ನು ಇಳಿಸಿತು. ಅಲ್ಲಿಂದ ಜನರಲ್ ಚುನಾಯಿತರೇ. ಅನ್ನದ ಜೊತೆ ಉಪದೇಶ ಬಡಿಸುತ್ತಾರೆ ಎಂಬ ದೂರೂ ಹಳೆಯದು. ನಂಬಿಕೆಯನ್ನು ಬಚ್ಚಿಟ್ಟು ಬಂದವರಲ್ಲ ಇವರು, ಹಾಗಾಗಿ ಮೋಸವೆನ್ನಲಾರೆ. ಆದರೆ ಹಸಿದವನಿಗೆ ಎದ್ದು ಹೋಗುವ ಸ್ವಾತಂತ್ರ್ಯ ಎಷ್ಟಿರುತ್ತದೆ ಎಂಬ ಪ್ರಶ್ನೆ ಹಾಗೇ ನಿಲ್ಲುತ್ತದೆ. ನನಗೆ ಉತ್ತರಿಸಲಾಗದ ಆಕ್ಷೇಪ ಇನ್ನೊಂದು. ಬ್ರಿಟಿಷರು 1871ರ ಕಾಯಿದೆಯಿಂದ ಹುಟ್ಟಿನಿಂದಲೇ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿದ ಬುಡಕಟ್ಟುಗಳ ವಸಾಹತುಗಳನ್ನು, ಆಂಧ್ರದ ಸ್ಟೂವರ್ಟ್‌ಪುರಂ ಸೇರಿ, ಈ ಸೈನ್ಯ ವಹಿಸಿಕೊಂಡು ನಡೆಸಿತು. ಅಲ್ಲಿ ಶಾಲೆ, ಕಸುಬು ಕಲಿಸಿದ್ದು ನಿಜ. ಕಾಯಿದೆ ಸರ್ಕಾರದ್ದು, ನಾವು ಸುಧಾರಿಸಲು ಹೋದೆವು ಎಂಬ ಸಮಜಾಯಿಷಿಯೂ ಇದೆ. ಆದರೆ ಹಾಜರಿ ಕೂಗಿ, ಹೊರಹೋಗಲು ಚೀಟಿ ಕೇಳುವ ಕೆಲಸಕ್ಕೆ ಶಿಸ್ತಿನ ಸೈನ್ಯ ಸುಲಭವಾಗಿ ಒದಗಿತು. ಜನರಲ್‌ನನ್ನೇ ಇಳಿಸಲು ಬಲ್ಲ ವ್ಯವಸ್ಥೆಯೊಳಗೆ ವಸಾಹತಿನವರಿಗೆ ಒಂದು ಮತವೂ ಇರಲಿಲ್ಲ.