ಎರಡು ಸಲ ಕಡಲು ದಾಟಿದ ಬೆಸ್ಸಿ

ಬೆಸ್ಸಿ ಕೋಲ್ಮನ್ 1892ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿ, ಹತ್ತಿ ಬಿಡಿಸುತ್ತ ಬೆಳೆದವಳು. ಷಿಕಾಗೋದ ಕ್ಷೌರದಂಗಡಿಯಲ್ಲಿ ಗಿರಾಕಿಗಳ ಉಗುರು ತಿದ್ದುತ್ತಿದ್ದಾಗ ವಿಮಾನದ ಹುಚ್ಚು ಹಿಡಿಯಿತು. ಕಪ್ಪು ಬಣ್ಣದವಳು, ಅದರಲ್ಲೂ ಹೆಣ್ಣು. ಅಮೆರಿಕದ ಹಾರಾಟದ ಶಾಲೆಗಳು ಸೇರಿಸಿಕೊಳ್ಳಲಿಲ್ಲ. ಫ್ರಾನ್ಸಿಗೆ ಹೋಗು ಎಂಬುದು ಪತ್ರಿಕೆಯೊಡೆಯ ರಾಬರ್ಟ್ ಅಬಾಟ್ ಕೊಟ್ಟ ಸಲಹೆ. ಫ್ರೆಂಚ್ ಕಲಿತು 1920ರ ನವೆಂಬರಿನಲ್ಲಿ ಹೊರಟೇಬಿಟ್ಟಳು. 1921ರ ಜೂನ್ 15ರಂದು ಅಂತರರಾಷ್ಟ್ರೀಯ ಲೈಸೆನ್ಸ್ ಕೈಸೇರಿತು.

ಕೆಲಸ ಹುಡುಕುತ್ತಿರುವ ನನ್ನನ್ನು ಕಾಡುವುದು ಇದರ ಮುಂದಿನ ಭಾಗ. ಊರಿಗೆ ಮರಳಿದರೆ ಪತ್ರಿಕೆಗಳೇನೋ ಹೊಗಳಿದವು, ಹೊಗಳಿಕೆಯಿಂದ ಹೊಟ್ಟೆ ತುಂಬೀತೇ? ಸಂಪಾದನೆಗೆ ಉಳಿದ ದಾರಿ ಆಕಾಶದಲ್ಲಿ ಕಸರತ್ತು ತೋರಿಸುವುದು. ಅದಕ್ಕೆ ಕಲಿತದ್ದು ಸಾಲದು. ತನ್ನ ದೇಶದಲ್ಲಿ ಕಲಿಸುವವರಿಲ್ಲ. 1922ರಲ್ಲಿ ಮತ್ತೆ ಹಡಗು ಹತ್ತಿ ಫ್ರಾನ್ಸ್, ಹಾಲೆಂಡ್, ಜರ್ಮನಿ ಸುತ್ತಿ ಕೈ ಪಳಗಿಸಿಕೊಂಡಳು. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಳಿ ಮೊದಲ ಪ್ರದರ್ಶನ. ಮರುವರ್ಷ ವಿಮಾನ ಬಿದ್ದು ಕಾಲು ಮುರಿಯಿತು. ಗುಣವಾದ ಮೇಲೆ ಮತ್ತೆ ಹಾರಿದಳು. ತನ್ನ ಜನರಿಗೊಂದು ಹಾರಾಟದ ಶಾಲೆ ತೆರೆಯುವ ಆಸೆ ಅವಳಿಗೆ.

1926ರ ಏಪ್ರಿಲ್ 30ರಂದು ಜಾಕ್ಸನ್‌ವಿಲ್‌ನಲ್ಲಿ ಪ್ರದರ್ಶನದ ಜಾಗವನ್ನು ಮೇಲಿಂದ ನೋಡಲು ಬೆಲ್ಟ್ ಕಟ್ಟದೆ ಕೂತಿದ್ದಳು. ವಿಮಾನ ನಡೆಸುತ್ತಿದ್ದವನು ಅವಳ ಮೆಕ್ಯಾನಿಕ್. ಸಡಿಲ ಸ್ಪ್ಯಾನರೊಂದು ಯಂತ್ರಭಾಗಕ್ಕೆ ಸಿಕ್ಕಿಕೊಂಡು ವಿಮಾನ ಮಗುಚಿತು. ಇಬ್ಬರೂ ಉಳಿಯಲಿಲ್ಲ. 1929ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಿಲಿಯಂ ಪೊವೆಲ್ ಕಟ್ಟಿದ ಹಾರಾಟದ ಕ್ಲಬ್ಬಿಗೆ ಬೆಸ್ಸಿಯ ಹೆಸರನ್ನೇ ಇಟ್ಟ.