ಬೀದಿಯ ಜನರನ್ನು ಕಂಡ ಜಾನ್ ಥಾಮ್ಸನ್

ನಮ್ಮ ಮನೆಯ ಗೋಡೆಯ ಮೇಲೆ ನಮ್ಮ ಆಯಿಯ ಒಂದು ಭಾವಚಿತ್ರವಿದೆ. ಆಕೆ ತೀರಿಕೊಂಡ ಮೇಲೆ ಆಧಾರ್ ಕಾರ್ಡಿನೊಳಗಿನ ಚಿತ್ರವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ತೂಗುಹಾಕಿದ್ದು ಅದು. ಎಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿ, ಘೋಣಸಗಿಯ ಹೊಲಗಳಲ್ಲಿ ಕಂಡವರ ಜೋಳದ ಕಳೆ ತೆಗೆದು, ಮಕ್ಕಳನ್ನು ಸಾಕಿ ಸಲಹಿದ ಆ ಜೀವಕ್ಕೆ ಉಳಿದಿರುವ ಗುರುತು ಅದೊಂದೇ. ಚಿತ್ರದಲ್ಲಿ ಆಕೆ ಬೆದರಿದವಳಂತೆ ಕಾಣುತ್ತಾಳೆ. ನಾವು ಕಂಡ ಆಯಿಯಾದರೋ ಯಾರಿಗೂ ಬೆದರಿದವಳಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದು ಬರಹ ಕಲಿತವನಾದ ನನಗೆ ಆ ಚಿತ್ರವನ್ನು ನೋಡಿದಾಗಲೆಲ್ಲ ಏನೋ ಒಂದು ಋಣ ಬಾಕಿ ಉಳಿದಂತೆ ಅನಿಸುತ್ತದೆ.

ಈ ಭಾವನೆಯಿಂದಲೇ ಕಳೆದ ವರ್ಷ ಒಂದು ದಿನ ನಾನು ವಿಜಯಪುರದ ಗಾಂಧಿ ಚೌಕದ ಬಳಿಯ ಪೇಟೆಯಲ್ಲಿ ಮೊಬೈಲ್ ಹಿಡಿದು ನಿಂತೆನು. ನಮ್ಮಂಥವರ ಬಾಳಿನ ಚಿತ್ರಗಳನ್ನು ತೆಗೆದು ಕಾಲೇಜಿನ ಗೋಡೆಪತ್ರಿಕೆಗೆ ಹಾಕಬೇಕೆಂಬುದು ನನ್ನ ಹುಮ್ಮಸ್ಸು. ಮೆಂತೆಪಲ್ಲೆಯ ಸಿವುಡುಗಳನ್ನು ಮುಂದೆ ಹರವಿಕೊಂಡು ಕುಳಿತಿದ್ದ ಒಬ್ಬ ಮುದುಕಿಯ ಕಡೆಗೆ ನಾನು ಮೊಬೈಲು ತಿರುಗಿಸಿದ ಕೂಡಲೆ ಆಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಪಲ್ಲೆ ಬೇಕಾದರೆ ಕೊಳ್ಳು, ಇಲ್ಲವಾದರೆ ಹೋಗು, ನನ್ನನ್ನು ಕೇಳಿ ತೆಗೆದೆಯಾ ಎಂದು ನಾಲ್ಕು ಜನರ ಎದುರಿಗೆ ಬೈದಳು. ನಾನು ನಾಚಿ, ತೆಗೆದ ಚಿತ್ರವನ್ನು ಅಳಿಸಿಹಾಕಿ ಬಸ್‌ಸ್ಟ್ಯಾಂಡಿನ ಹಾದಿ ಹಿಡಿದೆನು. ಸದುದ್ದೇಶವಿದ್ದೂ ನಾನು ಮಾಡಿದ ತಪ್ಪೇನು ಎಂಬುದು ಬಹಳ ದಿನ ತಿಳಿಯಲಿಲ್ಲ. ಅದನ್ನು ನನಗೆ ತಿಳಿಸಿಕೊಟ್ಟದ್ದು ನೂರು ವರ್ಷದ ಹಿಂದೆ ತೀರಿಹೋದ ಜಾನ್ ಥಾಮ್ಸನ್ ಎಂಬ ಛಾಯಾಚಿತ್ರಗ್ರಾಹಕನ ಜೀವನ. ಅದನ್ನೇ ಇಲ್ಲಿ ನನಗೆ ತಿಳಿದ ಮಟ್ಟಿಗೆ ಹೇಳಲು ಯತ್ನಿಸಿದ್ದೇನೆ.

ಅದಕ್ಕೆ ಮೊದಲು ನಮ್ಮ ಊರಿನದೇ ಒಂದು ಮಾತು. ವಿಜಯಪುರಕ್ಕೆ ಕ್ಯಾಮರಾ ಬಂದದ್ದು ಇತ್ತೀಚೆಗೇನೂ ಅಲ್ಲ. 1855ರಷ್ಟು ಹಿಂದೆಯೇ ಮುಂಬಯಿ ಸೈನ್ಯದ ತೋಪಖಾನೆಯ ಅಧಿಕಾರಿಯಾದ ಥಾಮಸ್ ಬಿಗ್ಸ್ ಎಂಬವನು ಸರಕಾರದ ಪರವಾಗಿ ಇಲ್ಲಿಯ ಕಟ್ಟಡಗಳ ಚಿತ್ರಗಳನ್ನು ತೆಗೆದನು. ಅವುಗಳಲ್ಲಿ ಹಲವು 1866ರಲ್ಲಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರ ಬರಹಗಳೊಡನೆ, ವಿಜಯಪುರದ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಗುಮ್ಮಟಗಳಿಗೆ ದೊರೆತ ಈ ಭಾಗ್ಯ ಗುಮ್ಮಟದ ನೆರಳಿನಲ್ಲಿ ಕುಳಿತು ಕಾಯಿಪಲ್ಲೆ ಮಾರುವವರಿಗೆ ದೊರೆಯಲಿಲ್ಲ. ಅರಸರು ಕಟ್ಟಿಸಿದ ಕಲ್ಲಿಗೆ ಬೆಲೆಯುಂಟು, ಬೀದಿಯ ಮನುಷ್ಯನಿಗೆ ಏನು ಬೆಲೆ ಎಂದು ಆ ಕಾಲದ ಬಹುಮಂದಿ ತಿಳಿದಿದ್ದರು. ಹಾಗೆ ತಿಳಿಯದಿದ್ದ ಕೆಲವರಲ್ಲಿ ಥಾಮ್ಸನ್ನನು ಒಬ್ಬನು.

ಜಾನ್ ಥಾಮ್ಸನ್ನನು 1837ನೆಯ ಇಸವಿಯ ಜೂನ್ 14ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ ಹುಟ್ಟಿದನು. ತಂದೆ ತಂಬಾಕಿನ ಎಲೆಯನ್ನು ಹೊಸೆದು ಹುರಿಮಾಡಿ ಮಾರುವ ಕಸುಬಿನವನು. ಒಂಬತ್ತು ಮಕ್ಕಳ ಆ ಸಂಸಾರದಲ್ಲಿ ಜಾನನು ಎಂಟನೆಯವನು. ಹುಡುಗನನ್ನು ದೊಡ್ಡ ವಿದ್ಯಾಲಯಕ್ಕೆ ಕಳಿಸುವ ಅನುಕೂಲ ಮನೆಯಲ್ಲಿ ಇರಲಿಲ್ಲ. ಆದುದರಿಂದ ದುರ್ಬೀನು ಮೊದಲಾದ ಸೂಕ್ಷ್ಮ ಉಪಕರಣಗಳನ್ನು ತಯಾರಿಸುವವನೊಬ್ಬನ ಕೈಕೆಳಗೆ ಅವನನ್ನು ಕೆಲಸ ಕಲಿಯಲು ಬಿಟ್ಟರು. ಹಗಲು ಮಸೂರಗಳ ಕೆಲಸ, ಸಂಜೆಗೆ ದುಡಿಯುವವರಿಗಾಗಿಯೇ ಇದ್ದ ಕಲಾಶಾಲೆಯಲ್ಲಿ ವಿಜ್ಞಾನ, ಗಣಿತ, ರಸಾಯನಶಾಸ್ತ್ರಗಳ ಪಾಠ. ಹೀಗೆ ಕೈಗೂ ತಲೆಗೂ ಒಟ್ಟಿಗೆ ದೊರೆತ ಶಿಕ್ಷಣವೇ ಮುಂದೆ ಅವನ ಬಂಡವಾಳವಾಯಿತು. ದುಡಿಯುತ್ತಲೇ ಓದಬೇಕಾಗಿ ಬಂದ ನಮ್ಮ ಕಾಲೇಜಿನ ಎಷ್ಟೋ ಮಿತ್ರರಿಗೆ ಈ ಭಾಗವನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

1862ರಲ್ಲಿ ಇಪ್ಪತ್ತನಾಲ್ಕರ ತರುಣನಾದ ಥಾಮ್ಸನ್ನನು ಹಡಗು ಹತ್ತಿ ಸಿಂಗಾಪುರಕ್ಕೆ ಹೋದನು. ಅಲ್ಲಿ ಅವನ ಅಣ್ಣನು ಗಡಿಯಾರದ ಕಸುಬು ಮಾಡಿಕೊಂಡಿದ್ದನು. ತಮ್ಮನು ಅಲ್ಲಿಯೇ ಚಿತ್ರ ತೆಗೆಯುವ ಅಂಗಡಿ ಇಟ್ಟನು. ಹಣವುಳ್ಳ ವರ್ತಕರ ಭಾವಚಿತ್ರಗಳನ್ನು ತೆಗೆದರೆ ಹೊಟ್ಟೆಯ ಪಾಡು ಸುಖವಾಗಿ ನಡೆಯುತ್ತಿತ್ತು. ಆದರೆ ಅವನ ಕಣ್ಣು ಅಂಗಡಿಯ ಹೊರಗಿತ್ತು. ಮಲಯಾ, ಚೀನಾ, ತಮಿಳುನಾಡುಗಳಿಂದ ಬಂದು ಸಿಂಗಾಪುರ, ಪಿನಾಂಗುಗಳಲ್ಲಿ ದುಡಿಯುತ್ತಿದ್ದ ಜನರ ಕಡೆಗೆ ಅದು ಹರಿಯಿತು. 1864ರಲ್ಲಿ ಚಂಡಮಾರುತದ ಹಾನಿಯನ್ನು ಚಿತ್ರಿಸಲು ಅವನು ನಮ್ಮ ದೇಶಕ್ಕೂ ಬಂದು ಹೋದನು. ಮರುವರ್ಷ ಸಯಾಮಿಗೆ ಹೋಗಿ ಅಲ್ಲಿಯ ಅರಸ ಮೊಂಗ್‌ಕುಟನ ಚಿತ್ರ ತೆಗೆದನು. 1866ರಲ್ಲಿ ಕಾಡು ಹಾದಿಯಲ್ಲಿ ಜ್ವರದಿಂದ ನರಳುತ್ತ ಕಾಂಬೋಜದ ಅಂಕೋರ್ ವಾಟ್ ದೇಗುಲವನ್ನು ತಲುಪಿ, ಅದರ ಮೊಟ್ಟಮೊದಲ ಛಾಯಾಚಿತ್ರಗಳನ್ನು ಹೊರಜಗತ್ತಿಗೆ ಕೊಟ್ಟನು.

1868ರಲ್ಲಿ ಅವನು ಹಾಂಗ್‌ಕಾಂಗಿನಲ್ಲಿ ನೆಲೆಸಿದನು. ಮದುವೆಯೂ ಅಲ್ಲಿಯೇ ಆಯಿತು. ಮುಂದಿನ ನಾಲ್ಕು ವರ್ಷ ಹಾಂಗ್‌ಕಾಂಗು, ಕ್ಯಾಂಟನ್, ಪೀಕಿಂಗ್ ಮೊದಲಾದ ಪಟ್ಟಣಗಳ ಬೀದಿಬೀದಿ ತಿರುಗಿದನು. ಯಾಂಗ್ತ್ಸೆ ನದಿಯ ಮೇಲೆ ದೂರದವರೆಗೆ ದೋಣಿಯಲ್ಲಿ ಪ್ರಯಾಣ ಮಾಡಿದನು. ಆ ನದಿಯ ದಂಡೆಯ ಕಿಯುಕಿಯಾಂಗ್ ಎಂಬ ಊರಿನಲ್ಲಿ ತೆಗೆದ ಒಂದು ಚಿತ್ರ ಪ್ರಸಿದ್ಧವಾಗಿದೆ. ಸಾರು ಮಾರುವವನೊಬ್ಬ, ಕಾಗದ ಬರೆದುಕೊಡುವವನೊಬ್ಬ, ಕ್ಷೌರಿಕನೊಬ್ಬ, ಮರಗೆಲಸದವನೊಬ್ಬ, ಇಷ್ಟು ಜನರ ಬೀದಿಯ ದುಡಿಮೆ ಆ ಒಂದೇ ಗಾಜಿನ ಹಲಗೆಯ ಮೇಲೆ ಕೂಡಿಕೊಂಡಿದೆ. ನಮ್ಮ ಯಾವುದೇ ಸಂತೆಯಲ್ಲಿ ಕಾಣುವ ನೋಟವೇ ಅದು. ಅಂಗಿ, ಜಡೆಗಳು ಮಾತ್ರ ಬೇರೆ.

ಅಂದಿನ ಚಿತ್ರಗ್ರಹಣ ಇಂದಿನಂತೆ ಸುಲಭದ್ದಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮೊದಲು ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹದವಾಗಿ ಸವರಬೇಕು. ಅದನ್ನು ಕತ್ತಲೆಯ ಡೇರೆಯೊಳಗೆ ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಬೇಕು. ಹಸಿ ಆರುವ ಮೊದಲೇ ಕ್ಯಾಮರಾದೊಳಗಿಟ್ಟು ಚಿತ್ರ ತೆಗೆದು, ಮತ್ತೆ ಡೇರೆಯೊಳಗೆ ಓಡಿ ತೊಳೆದು ಮೂಡಿಸಬೇಕು. ಇದೆಲ್ಲಕ್ಕೂ ಇರುವ ಸಮಯ ಹತ್ತು ಹದಿನೈದು ನಿಮಿಷ, ಬಿಸಿಲಿನ ನಾಡಿನಲ್ಲಿ ಇನ್ನೂ ಕಡಿಮೆ. ಡೇರೆ, ಗಾಜು, ಔಷಧಗಳ ಬಾಟಲಿ, ನೀರು ಇವನ್ನೆಲ್ಲ ಹೊರಲು ಕೂಲಿಯಾಳುಗಳು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರದಲ್ಲಿ ಮೂಡಬೇಕಾದವರು ಕೆಲವು ಕ್ಷಣ ಅಲುಗಾಡದೆ ನಿಲ್ಲಬೇಕು. ಹಾಗೆ ನಿಲ್ಲಿರೆಂದು ಅವರನ್ನು ಕೇಳಿಕೊಳ್ಳದೆ, ಒಲಿಸಿಕೊಳ್ಳದೆ ಬೀದಿಯ ಒಂದು ಚಿತ್ರವೂ ಆಗುವಂತಿರಲಿಲ್ಲ.

ಎಲ್ಲರೂ ಒಪ್ಪುತ್ತಿರಲಿಲ್ಲ. ಕ್ಯಾಮರಾದ ಮುಂದೆ ನಿಂತವರು ಬೇಗ ಸಾಯುವರೆಂಬ ಭಯ ಅಲ್ಲಿಯ ಜನರಲ್ಲಿ ಹರಡಿತ್ತು. ಅದಕ್ಕಿಂತ ಮಿಗಿಲಾಗಿ, ತೋಪು ತುಪಾಕಿಗಳ ಬಲದಿಂದ ತಮ್ಮ ಬಂದರುಗಳನ್ನು ತೆರೆಯಿಸಿದ ಬಿಳಿಯರ ಮೇಲೆ ಅವರಿಗೆ ಸಿಟ್ಟಿತ್ತು. ಚಾವೋಚೌ ಎಂಬ ಪಟ್ಟಣದಲ್ಲಿ ಒಂದು ಮುಂಜಾವು ಥಾಮ್ಸನ್ನನು ಸೇತುವೆಯ ಚಿತ್ರ ತೆಗೆಯುತ್ತಿದ್ದಾಗ ಜನ ಗುಂಪುಗೂಡಿ ಕಲ್ಲು ಮಣ್ಣು ಎಸೆದರು. ಅವನು ಕ್ಯಾಮರಾದ ಮುಕ್ಕಾಲಿಯನ್ನೇ ಆಯುಧ ಮಾಡಿಕೊಂಡು ಹೇಗೋ ದೋಣಿ ಸೇರಿ ಪಾರಾದನು. ಅವನು ಸಂತನಾಗಿರಲಿಲ್ಲ. ಬ್ರಿಟಿಷ್ ವ್ಯಾಪಾರ ಚೀನದಲ್ಲಿ ಬೆಳೆಯಬೇಕೆಂಬ ಆಸೆ ಅವನಿಗೂ ಇತ್ತು. ಆಳುವವರ ಹಮ್ಮು ಅವನನ್ನೂ ಪೂರ್ತಿ ಬಿಟ್ಟಿರಲಿಲ್ಲ. 1873-74ರಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರಬಂದ ಚೀನಾದೇಶದ ಅವನ ದೊಡ್ಡ ಗ್ರಂಥದಲ್ಲಿ 200 ಚಿತ್ರಗಳಿವೆ. ಅವುಗಳಲ್ಲಿಯ ಬೀದಿಯ ಜನರಿಗೆ ಬಹುಮಟ್ಟಿಗೆ ಹೆಸರುಗಳಿಲ್ಲ. ಕ್ಷೌರಿಕ, ಕೂಲಿ, ಮುದುಕಿ ಎಂದಷ್ಟೇ ಅವರ ಗುರುತು. ಅವರ ಮುಖಗಳನ್ನು ಅವನು ಪ್ರೀತಿಯಿಂದ ಕಂಡನು. ಆದರೆ ಅವರ ಕಥೆಯನ್ನು ಕೇಳಿ ಬರೆದುಕೊಂಡದ್ದು ಕಡಿಮೆ.

ಈ ಕೊರತೆ ತುಂಬಿದ್ದು ಅವನು ತನ್ನ ನಾಡಿಗೆ ಮರಳಿದ ಮೇಲೆ. 1872ರಲ್ಲಿ ಹಿಂದಿರುಗಿದ ಥಾಮ್ಸನ್ನನು ಲಂಡನ್ನಿನಲ್ಲಿ ನೆಲೆಸಿದನು. ಅಂದು ಅದು ಪ್ರಪಂಚದಲ್ಲಿಯೇ ಅತಿದೊಡ್ಡ ನಗರ. ಹತ್ತು ವರ್ಷ ಪರದೇಶದ ಬೀದಿಗಳನ್ನು ನೋಡಿ ಬಂದ ಕಣ್ಣಿಗೆ ಈ ನಗರವೂ ಪರಸ್ಥಳದಂತೆಯೇ ಕಂಡಿರಬೇಕು. ಅಡಾಲ್ಫ್ ಸ್ಮಿತ್ ಎಂಬ ಪತ್ರಕರ್ತನನ್ನು ಜೊತೆಗೂಡಿ, 1877ರ ಫೆಬ್ರುವರಿಯಿಂದ ಲಂಡನ್ನಿನ ಬೀದಿಯ ಬಾಳನ್ನು ಕುರಿತು ತಿಂಗಳಿಗೊಂದು ಸಂಚಿಕೆಯನ್ನು ಹೊರಡಿಸತೊಡಗಿದನು. ಪ್ರತಿ ಚಿತ್ರದೊಡನೆ ಚಿತ್ರದಲ್ಲಿರುವವರ ವೃತ್ತಾಂತವೂ ಇರುತ್ತಿತ್ತು. ಹೂ ಮಾರುವ ಹೆಂಗಸರು, ಕೊಡೆ ರಿಪೇರಿಯವರು, ಬೂಟು ಪಾಲಿಶಿನವನು, ಹೊಗೆಗೂಡಿನ ಕಸ ತೆಗೆಯುವವನು, ನದಿಯ ನೆರೆ ನುಗ್ಗಿ ಮನೆ ಕಳೆದುಕೊಂಡ ಬಡವರು ಇವರೆಲ್ಲ ಅಲ್ಲಿದ್ದಾರೆ. ದಿನಕ್ಕೆ ಎಷ್ಟು ಗಳಿಸುತ್ತಾರೆ, ಯಾವ ಋತುವಿನಲ್ಲಿ ಹೊಟ್ಟೆಗೆ ಕಷ್ಟ ಎಂಬುದನ್ನೆಲ್ಲ ಅವರ ಬಾಯಿಂದಲೇ ಕೇಳಿ ಬರೆದಿದ್ದಾರೆ.

ಇವುಗಳಲ್ಲಿ ಎರಡು ಚಿತ್ರಗಳನ್ನು ನಾನು ಮರೆಯಲಾರೆ. ಒಂದರಲ್ಲಿ ಊರೂರು ಅಲೆಯುವವರ ಬಂಡಿಯೊಂದರ ಮೆಟ್ಟಿಲ ಮೇಲೆ ಮೇರಿ ಪ್ರಾಡ್ ಎಂಬ ಹೆಂಗಸು ಕುಳಿತಿದ್ದಾಳೆ. ಆ ಚಿತ್ರ ಅಚ್ಚಾಗಿ ಬರುವ ಹೊತ್ತಿಗೆ ಆಕೆ ಕೊಲೆಯಾಗಿ ಹೋಗಿದ್ದಳು. ಈ ಚಿತ್ರ ಮತ್ತು ಅದರ ಕೆಳಗಿನ ಹೆಸರು ಇಲ್ಲದಿದ್ದರೆ ಆಕೆ ಇದ್ದಳೆಂಬುದನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಇನ್ನೊಂದರಲ್ಲಿ ಬಡವರ ಆಶ್ರಮದ ಕಲ್ಲುಮೆಟ್ಟಿಲಿಗೆ ಒರಗಿದ ಒಬ್ಬ ವಿಧವೆ ತೊಡೆಯ ಮೇಲೆ ಕೂಸನ್ನಿಟ್ಟುಕೊಂಡಿದ್ದಾಳೆ. ನೋಡಿದವರು ತಾಯಿ ಮಗು ಎಂದೇ ತಿಳಿಯುತ್ತಾರೆ. ಕೆಳಗಿನ ವೃತ್ತಾಂತವನ್ನು ಓದಿದಾಗ ನಿಜ ತಿಳಿಯುತ್ತದೆ. ಆಕೆ ಸಿಂಪಿಗನೊಬ್ಬನ ಹೆಂಡತಿಯಾಗಿದ್ದವಳು. ಕೂಸು ಕಾಫಿ ಅಂಗಡಿಯಲ್ಲಿ ದುಡಿಯಲು ಹೋದ ಗೆಳತಿಯದು. ಬೆಳಗಿನಿಂದ ಸಂಜೆಯವರೆಗೆ ಅದನ್ನು ನೋಡಿಕೊಂಡದ್ದಕ್ಕೆ ಆಕೆಗೆ ಸಿಗುತ್ತಿದ್ದ ಕೂಲಿ ಒಂದು ಬಟ್ಟಲು ಚಹ ಮತ್ತು ಒಂದಿಷ್ಟು ರೊಟ್ಟಿ. ಅಂದರೆ ನಾವು ಭಿಕ್ಷುಕಿಯೆಂದು ತಿಳಿದವಳು ನಿಜವಾಗಿ ಕೆಲಸದ ಮೇಲಿದ್ದಳು! ಚಿತ್ರವೊಂದೇ ಇದ್ದಿದ್ದರೆ ನಾವು ಮರುಗಿ ಮುಂದೆ ಹೋಗುತ್ತಿದ್ದೆವು. ಕೇಳಿ ಬರೆದುಕೊಂಡ ಮಾತು ಆಕೆಗೆ ಮರ್ಯಾದೆಯನ್ನು ಹಿಂದಿರುಗಿಸಿತು.

ಮುಂದೆ ಥಾಮ್ಸನ್ನನು ಸಿರಿವಂತರ ಭಾವಚಿತ್ರಗಳ ಅಂಗಡಿಯಿಂದ ಜೀವನ ಸಾಗಿಸಿದನು. 1881ರಲ್ಲಿ ರಾಣಿ ವಿಕ್ಟೋರಿಯಾಳ ಅರಮನೆಯ ಮನ್ನಣೆಯೂ ದೊರೆಯಿತು. 1886ರಿಂದ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ದೇಶಸಂಚಾರಿಗಳಿಗೆ ಚಿತ್ರ ತೆಗೆಯುವುದನ್ನು ಕಲಿಸಿದನು. ಹೆಸರಾಂತ ಪ್ರವಾಸಿ ಇಸಾಬೆಲ್ಲಾ ಬರ್ಡ್ ಅವನ ಶಿಷ್ಯೆ. 1921ರಲ್ಲಿ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅವನ ಗಾಜಿನ ಹಲಗೆಗಳಲ್ಲಿ ಆರುನೂರಕ್ಕೂ ಹೆಚ್ಚು ಹೆನ್ರಿ ವೆಲ್ಕಮ್ಮನ ಸಂಗ್ರಹವನ್ನು ಸೇರಿದವು. ಇಂದು ಅವನ್ನು ಘೋಣಸಗಿಯಲ್ಲಿ ಕುಳಿತು ಮೊಬೈಲಿನ ಮೇಲೆಯೇ ನೋಡಬಹುದು. ನಾನು ನೋಡಿದ್ದೂ ಹಾಗೆಯೇ. ಬೀದಿಯ ಜನರನ್ನು ಹೀಗೆ ಆದರದಿಂದ ಕಾಣುವ ಪರಂಪರೆ ನಮ್ಮ ನಾಡಿನಲ್ಲಿಯೂ ಉಂಟು. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರು ತಮ್ಮ ಕ್ಯಾಮರಾವನ್ನು ಬಹುಕಾಲ ಸಾಮಾನ್ಯ ಜನರಿಗೂ ಮಕ್ಕಳಿಗೂ ಮೀಸಲಿಟ್ಟದ್ದನ್ನು ಇಲ್ಲಿ ನೆನೆಯಬೇಕು.

ಥಾಮ್ಸನ್ನನ ಜೀವನವನ್ನು ಓದಿದ ಮೇಲೆ ಪಲ್ಲೆ ಮಾರುವ ಮುದುಕಿಯ ಸಿಟ್ಟು ನನಗೆ ಅರ್ಥವಾಯಿತು. ಅವನ ಯಂತ್ರ ಅವನನ್ನು ಕೇಳಿಕೊಳ್ಳುವಂತೆ ಮಾಡುತ್ತಿತ್ತು. ನನ್ನ ಯಂತ್ರಕ್ಕೆ ಯಾರ ಅಪ್ಪಣೆಯೂ ಬೇಡ, ಕಣ್ಣು ಪಿಳುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಯಂತ್ರಕ್ಕೆ ಬೇಡವಾದದ್ದು ಮನುಷ್ಯನಿಗೂ ಬೇಡವೆಂದು ನಾನು ತಿಳಿದದ್ದೇ ತಪ್ಪು. ನಮ್ಮ ಆಯಿಯ ಚಿತ್ರವನ್ನೂ ಯಾರೋ ಹಾಗೆಯೇ ತೆಗೆದರು. ಸಾಲಿನಲ್ಲಿ ನಿಲ್ಲಿಸಿ, ಕುಳ್ಳಿರಿಸಿ, ಮುಂದೆ ನೋಡೆಂದು ಹೇಳಿ ಕಳಿಸಿಬಿಟ್ಟರು. ಆಕೆ ಬೆದರಿದ್ದರಲ್ಲಿ ಆಶ್ಚರ್ಯವೇನು?

ಆಮೇಲೆ ನಾನು ಮತ್ತೆ ಆ ಪೇಟೆಗೆ ಹೋದೆನು. ಮೊಬೈಲನ್ನು ಕಿಸೆಯಿಂದ ಹೊರಗೆ ತೆಗೆಯಲಿಲ್ಲ. ಪಲ್ಲೆ ಕೊಂಡು ಅಲ್ಲಿಯೇ ಕುಳಿತೆನು. ನಾನು ಯಾವ ಊರಿನವನು, ಯಾರ ಮಗನು ಎಂದು ಮೊದಲು ಆಕೆಯೇ ಕೇಳಿದಳು. ಆಮೇಲೆ ನಾನು ಕೇಳಿದೆನು. ನಸುಕಿನಲ್ಲಿ ಎದ್ದು ಬರುವುದು, ಮಳೆ ಹಿಡಿದರೆ ಪಲ್ಲೆ ಕೊಳೆಯುವುದು, ಮೊಮ್ಮಗಳು ಹತ್ತನೆಯ ಇಯತ್ತೆಯಲ್ಲಿ ಓದುತ್ತಿರುವುದು ಎಲ್ಲವನ್ನೂ ಹೇಳಿದಳು. ಚಿತ್ರ ತೆಗೆಯಲೇ ಎಂದಾಗ ಇವತ್ತು ಬೇಡ, ಒಳ್ಳೆಯ ಸೀರೆ ಉಟ್ಟುಕೊಂಡು ಬಂದ ದಿನ ನೋಡೋಣ ಎಂದಳು. ಆ ದಿನ ಇನ್ನೂ ಬಂದಿಲ್ಲ. ಆಕೆಯ ಹೆಸರು ಈಗ ನನಗೆ ಗೊತ್ತು. ಅದನ್ನು ಇಲ್ಲಿ ಬರೆಯಲು ಅಪ್ಪಣೆ ಕೇಳಿಲ್ಲವಾದುದರಿಂದ ಬರೆದಿಲ್ಲ.

ಮಿತ್ರರಲ್ಲಿ ನನ್ನದೊಂದು ವಿನಂತಿ. ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಹಿರಿಯರ ಎದುರಿಗೆ ಒಂದು ತಾಸು ಕುಳಿತುಕೊಳ್ಳಿರಿ. ಅವರನ್ನು ಕೇಳಿ, ಅವರಿಗೆ ಒಪ್ಪುವಂತೆ ಒಂದು ಚಿತ್ರ ತೆಗೆಯಿರಿ. ಅದನ್ನು ಅಚ್ಚು ಹಾಕಿಸಿ, ಹಿಂದೆ ಅವರ ಹೆಸರು, ಊರು, ಜೀವಮಾನದಲ್ಲಿ ಮಾಡಿದ ಕೆಲಸ ಇವಿಷ್ಟನ್ನು ಬರೆದಿಡಿರಿ. ನಾನು ನಮ್ಮ ಆಯಿಯ ಚೌಕಟ್ಟನ್ನು ಇಳಿಸಿ ಅದರ ಬೆನ್ನಿಗೆ ಹಾಗೆಯೇ ಬರೆದಿದ್ದೇನೆ. ಮುಖದ ಬೆದರಿಕೆಯನ್ನು ಅಳಿಸಲು ನನ್ನಿಂದಾಗಲಿಲ್ಲ. ಆಕೆ ಬೆದರುವವಳಲ್ಲವೆಂಬುದನ್ನಾದರೂ ಬರೆದಿಟ್ಟಿದ್ದೇನೆ.