ಪಿಯಾನೋವನ್ನು ಬಿಟ್ಟು ಸಿಂಹಾಸನವನ್ನೇರಿದ ಅರಸರು

ನಮ್ಮ ಶಾಲೆಯ ಪ್ರಾರ್ಥನೆಗೆ ಒಂದು ಹಳೆಯ ಹಾರ್ಮೋನಿಯಂ ಇದೆ. ಅದರ ಎರಡು ಸ್ವರಗಳು ಮೂಕವಾಗಿ ಬಹಳ ಕಾಲವಾಯಿತು. ಕಳೆದ ವರ್ಷ ಏಳನೆಯ ತರಗತಿಯ ಬಾಲಕನೊಬ್ಬನು ಮಾದಾಪುರದ ದೊಡ್ಡ ಹೋಟೆಲೊಂದರ ಗಾಜಿನ ಗೋಡೆಯಾಚೆ ಕಪ್ಪು ಬಣ್ಣದ ಭಾರಿ ವಾದ್ಯವೊಂದನ್ನು ಕಂಡು ಬಂದು, ಅಷ್ಟು ದೊಡ್ಡ ಹಾರ್ಮೋನಿಯಮ್ಮಿಗೆ ಗಾಳಿ ಹಾಕುವವರು ಯಾರೆಂದು ನಮ್ಮನ್ನು ಕೇಳಿದನು. ಅವನ ತಂದೆ ರಾಯಚೂರಿನ ಕಡೆಯಿಂದ ಬಂದು ಅಲ್ಲಿ ನೆಲಕ್ಕೆ ಕಲ್ಲು ಹಾಸುವ ಕೆಲಸದಲ್ಲಿದ್ದನು. ಅದು ಪಿಯಾನೋ ಎಂಬ ವಾದ್ಯವೆಂದೂ ಅದಕ್ಕೆ ಗಾಳಿ ಬೇಕಿಲ್ಲವೆಂದೂ ಹೇಳಿದೆವು. ನಮ್ಮ ನಾಡಿನವರು ಯಾರಾದರೂ ಅದನ್ನು ನುಡಿಸಿದ್ದುಂಟೇ ಎಂದು ಬಾಲಕನು ಮರಳಿ ಕೇಳಿದನು. ಅಂದು ಗಂಟೆ ಬಾರಿಸಿದ್ದರಿಂದ ಉತ್ತರವು ಅರ್ಧಕ್ಕೆ ನಿಂತಿತು. ಅದನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇವೆ.

ನುಡಿಸಿದ್ದುಂಟು. ಹಾಗೆ ನುಡಿಸಿದವರು ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರವರು. ಅವರು ೧೯೧೯ನೆಯ ಇಸವಿ ಜುಲೈ ೧೮ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರವರಿಗೂ ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರಿಗೂ ಏಕೈಕ ಪುತ್ರರಾಗಿ ಜನಿಸಿದರು. ಆಗ ಆಳುತ್ತಿದ್ದವರು ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು. ಅವರಿಗೆ ಮಕ್ಕಳಿರಲಿಲ್ಲ. ಸಿಂಹಾಸನವು ಮೊದಲು ತಮ್ಮನಿಗೆ, ಅನಂತರ ತಮ್ಮನ ಮಗನಿಗೆ ಎಂಬುದು ಕ್ರಮವಾಗಿತ್ತು. ಆದಕಾರಣ ಬಾಲಕ ರಾಜಕುಮಾರರಿಗೂ ಸಿಂಹಾಸನಕ್ಕೂ ನಡುವೆ ಇಬ್ಬರು ಹಿರಿಯರಿದ್ದರು. ತಮಗೆ ಇನ್ನೂ ಬಹಳ ಕಾಲವಿದೆಯೆಂದು ಅವರು ಭಾವಿಸಿದ್ದರೆ ಅದು ತಪ್ಪಲ್ಲ.

ಅಂದಿನ ಮೈಸೂರು ಅರಮನೆಯಲ್ಲಿ ಎರಡು ಸಂಗೀತಗಳೂ ಒಂದೇ ಸೂರಿನಡಿ ಇದ್ದವು. ಒಂದು ಕಡೆ ವೀಣೆ ವೆಂಕಟಗಿರಿಯಪ್ಪ, ಮೈಸೂರು ವಾಸುದೇವಾಚಾರ್ಯರಂತಹ ವಿದ್ವಾಂಸರು. ಇನ್ನೊಂದು ಕಡೆ ಜರ್ಮನಿಯಿಂದ ಬಂದ ಆಟೋ ಸ್ಮಿಟ್ ಎಂಬುವರು ನಡೆಸುತ್ತಿದ್ದ ಪಾಶ್ಚಾತ್ಯ ವಾದ್ಯಮೇಳ. ನಾಲ್ವಡಿಯವರು ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವರು. ಇಂತಹ ಮನೆಯಲ್ಲಿ ಬೆಳೆದ ಮಗುವಿನ ಕಿವಿಗೆ ಬೆಳಗಿನ ವೀಣೆಯೂ ಸಂಜೆಯ ಪಿಯಾನೋವೂ ಎರಡು ಲೋಕಗಳೆಂದು ತೋರದಿದ್ದರೆ ಆಶ್ಚರ್ಯವೇನು? ರಾಜಕುಮಾರರ ಮನಸ್ಸು ಮೊದಲು ಒಲಿದದ್ದು ಪಿಯಾನೋವಿಗೆ.

ಈ ವಾದ್ಯದ ಗುಣವನ್ನು ವಿದ್ಯಾರ್ಥಿಗಳು ಸ್ವಲ್ಪ ತಿಳಿಯಬೇಕು. ಹಾರ್ಮೋನಿಯಂ ಉಸಿರಾಡುವ ವಾದ್ಯ. ಪಿಯಾನೋ ತಂತಿಯ ವಾದ್ಯ. ಅದರಲ್ಲಿ ೮೮ ಕೀಲಿಗಳಿವೆ. ಒಂದನ್ನು ಒತ್ತಿದರೆ ಒಳಗೆ ಉಣ್ಣೆಯ ಹೊದಿಕೆಯುಳ್ಳ ಸಣ್ಣ ಸುತ್ತಿಗೆಯೊಂದು ಮೇಲೆದ್ದು ಬಿಗಿದ ಉಕ್ಕಿನ ತಂತಿಯನ್ನು ಹೊಡೆದು ಹಿಂದಕ್ಕೆ ಬೀಳುತ್ತದೆ. ಬೆರಳು ಮೆಲ್ಲನೆ ಒತ್ತಿದರೆ ನಾದ ಮೃದು, ಬಲವಾಗಿ ಒತ್ತಿದರೆ ಗಂಭೀರ. ಹತ್ತು ಬೆರಳೂ ಹತ್ತು ಸ್ವರಗಳನ್ನು ಒಮ್ಮೆಲೇ ಎಬ್ಬಿಸಬಹುದು. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಮ್ಮ ಗಮಕ ಮಾತ್ರ ಅದರಲ್ಲಿ ಸಾಧ್ಯವಿಲ್ಲ. ವೀಣೆಯಲ್ಲಿ ತಂತಿಯನ್ನು ಎಳೆದು ಒಂದೇ ಮೆಟ್ಟಿಲಿನ ಮೇಲೆ ಹಲವು ಸ್ವರಗಳನ್ನು ತೋರಿಸುವವರಿಗೆ ಇದೊಂದು ಕೊರತೆ. ಈ ಎರಡನ್ನೂ ಒಬ್ಬನೇ ಕಲಿಯುವುದೆಂದರೆ ಬೆರಳಿಗೆ ಎರಡು ಬಗೆಯ ಬುದ್ಧಿಯನ್ನು ಕಲಿಸಿದಂತೆ.

ರಾಜಕುಮಾರರು ೧೯೩೮ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಿಂದ ಚಿನ್ನದ ಪದಕಗಳೊಡನೆ ಪದವೀಧರರಾದರು. ಮರುವರ್ಷ ಯೂರೋಪಿನ ಪ್ರವಾಸ ಕೈಗೊಂಡು ಅಲ್ಲಿಯ ಕಲಾವಿದರ, ವಿದ್ವಾಂಸರ ಪರಿಚಯ ಮಾಡಿಕೊಂಡರು. ಸಭೆಗಳಲ್ಲಿ ಪಿಯಾನೋ ನುಡಿಸುವ ಕಲಾವಿದರಾಗಬೇಕೆಂಬುದು ಆಗ ಅವರ ಹಂಬಲವಾಗಿತ್ತು. ರಾಜಕುಮಾರರ ಹವ್ಯಾಸವೆಂದು ನಾವು ಇದನ್ನು ಹಗುರವಾಗಿ ಎಣಿಸಬಾರದು. ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಗೆ ಅರ್ಹರಾದವರು. ಅಂತಹ ಪರೀಕ್ಷೆಯಲ್ಲಿ ಕಿರೀಟಕ್ಕೆ ಅಂಕಗಳಿಲ್ಲ, ಬೆರಳಿಗೆ ಮಾತ್ರ.

ಆದರೆ ೧೯೪೦ನೆಯ ಇಸವಿ ಬಂದಿತು. ಮಾರ್ಚ್ ೧೧ರಂದು ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಐದು ತಿಂಗಳು ತುಂಬುವ ಮೊದಲೇ, ಆಗಸ್ಟ್ ೩ರಂದು, ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಶರಾದರು. ನಡುವೆ ಇದ್ದ ಇಬ್ಬರು ಹಿರಿಯರೂ ಇಲ್ಲವಾದರು. ಸೆಪ್ಟೆಂಬರ್ ೮ರಂದು ಇಪ್ಪತ್ತೊಂದು ವರ್ಷದ ತರುಣರಿಗೆ ಪಟ್ಟವಾಯಿತು. ಯೂರೋಪು ಆಗಲೇ ಯುದ್ಧದ ಬೆಂಕಿಯಲ್ಲಿತ್ತು. ಊರೂರು ತಿರುಗಿ ಪಿಯಾನೋ ನುಡಿಸುವ ಕನಸು ಅಲ್ಲಿಗೆ ಮುಗಿಯಿತು.

ಇಲ್ಲಿ ನಮ್ಮ ಮಾತೊಂದನ್ನು ಸೇರಿಸಲು ಓದುಗರು ಅನುಮತಿಸಬೇಕು. ತಂದೆಯವರು ತೀರಿಕೊಂಡ ವರ್ಷದಲ್ಲಿಯೇ ನಮ್ಮ ಓದೂ ಮೆಟ್ರಿಕ್ಕಿಗೆ ನಿಂತಿತು. ಅರಸರಿಗೆ ಬಂದದ್ದು ರಾಜ್ಯ, ನಮಗೆ ಬಂದದ್ದು ಅಂಗಡಿಯ ಸಾಲ. ಹೋಲಿಕೆ ಮಾಡುವುದೇ ನಗೆಗೀಡು. ಆದರೂ ಆ ವರ್ಷದ ವಿಷಯ ಓದುವಾಗಲೆಲ್ಲ ನಮಗೆ ಪುಸ್ತಕವನ್ನು ಒಮ್ಮೆ ಕೆಳಗಿಡಬೇಕಾಗುತ್ತದೆ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಅಂತಹ ಕಾರಣದಿಂದ ಕೆಂಪು ಗೆರೆ ಬಿದ್ದ ಹೆಸರುಗಳು ಪ್ರತಿ ವರ್ಷವೂ ಇರುತ್ತವೆ.

ಮಹಾರಾಜರು ವಾದ್ಯವನ್ನು ಬಿಟ್ಟರೂ ಸಂಗೀತವನ್ನು ಬಿಡಲಿಲ್ಲ. ೧೯೪೫ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆರಿಸಿತು. ಅದೇ ವರ್ಷ ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬುವರು ಫಿಲ್ಹಾರ್ಮೋನಿಯಾ ಎಂಬ ವಾದ್ಯವೃಂದವನ್ನು ಕಟ್ಟಿದರು. ಅದರ ಸಂಗೀತ ಸಂಘಕ್ಕೆ ೧೯೪೮ರಲ್ಲಿ ಮೊದಲ ಅಧ್ಯಕ್ಷರಾದವರು ನಮ್ಮ ಮೈಸೂರಿನ ಅರಸರು. ಲೆಗ್ ಅವರು ಮೈಸೂರಿಗೂ ಬಂದು ಅರಸರ ಅತಿಥಿಯಾಗಿದ್ದರು. ವರ್ಷಕ್ಕೆ ೧೦,೦೦೦ ಪೌಂಡುಗಳಂತೆ ಮೂರು ವರ್ಷಗಳ ಸಹಾಯಕ್ಕೆ ಮಹಾರಾಜರು ಒಪ್ಪಿದರು. ಜನರು ಮರೆತಿದ್ದ ಒಳ್ಳೆಯ ಕೃತಿಗಳು ಧ್ವನಿಮುದ್ರಿಕೆಗಳಾಗಿ ಹೊರಬರಬೇಕೆಂಬುದು ಅವರ ಆಸೆ.

ಹಾಗೆ ಮರೆಯಲ್ಲಿದ್ದವರಲ್ಲಿ ರಷ್ಯಾದ ನಿಕೊಲಾಯ್ ಮೆಟ್ನರ್ ಒಬ್ಬರು. ಮಾಸ್ಕೋದಲ್ಲಿ ಹುಟ್ಟಿ, ದೇಶವನ್ನು ತೊರೆದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದ್ದ ಈ ಪಿಯಾನೋ ವಿದ್ವಾಂಸರಿಗೆ ವಯಸ್ಸಾಗಿತ್ತು, ಹೃದಯರೋಗ ಹಿಡಿದಿತ್ತು, ಕೈಯಲ್ಲಿ ಹಣವೂ ಇರಲಿಲ್ಲ. ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಬೇಕೆಂದು ಮಹಾರಾಜರು ಮೆಟ್ನರ್ ಸಂಘವನ್ನು ಸ್ಥಾಪಿಸಿ ವೆಚ್ಚವನ್ನು ವಹಿಸಿಕೊಂಡರು. ೧೯೪೭ರಲ್ಲಿ ವಾದ್ಯವೃಂದದೊಡನೆ ನುಡಿಸುವ ಅವರ ಮೂರು ದೊಡ್ಡ ಕೃತಿಗಳು ಮುದ್ರಿತವಾದವು. ಮೂರನೆಯದನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ನಾಲ್ಕು ವರ್ಷಗಳ ತರುವಾಯ, ೧೯೫೧ರಲ್ಲಿ, ಅವರು ತೀರಿಕೊಂಡರು. ಈ ನೆರವು ಸ್ವಲ್ಪ ತಡವಾಗಿದ್ದರೆ ಆ ಬೆರಳುಗಳ ಸದ್ದು ಇಷ್ಟರಮಟ್ಟಿಗೆ ಉಳಿಯುತ್ತಿರಲಿಲ್ಲ.

ಪರದೇಶದ ಸಂಗೀತಕ್ಕೆ ಇಷ್ಟು ಹಣವೇಕೆ ಎಂದು ಕೇಳುವವರು ಅಂದೂ ಇದ್ದಿರಬೇಕು, ಇಂದೂ ಇದ್ದಾರೆ. ಆ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಮೆಟ್ನರ್ ಲಂಡನ್ನಿನಲ್ಲಿ ನುಡಿಸಿದ ಆ ೧೯೪೭ರಲ್ಲಿಯೇ ಮೈಸೂರಿನ ಬೀದಿಗಳಲ್ಲಿ ಜನರು ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ಹೂಡಿ ಸೆರೆಮನೆಗೆ ಹೋಗುತ್ತಿದ್ದರು. ಭಾರತಕ್ಕೆ ಸೇರುವ ಒಪ್ಪಂದಕ್ಕೆ ಆಗಸ್ಟಿನಲ್ಲಿಯೇ ಸಹಿ ಹಾಕಿದ್ದ ಮಹಾರಾಜರು, ಜನರಿಗೆ ಅಧಿಕಾರ ಕೊಡುವುದಕ್ಕೆ ಅಕ್ಟೋಬರಿನವರೆಗೆ ತಡ ಮಾಡಿದರು. ಅವರ ಜೀವನವನ್ನು ಬರೆಯುವವರು ಇದನ್ನೂ ಬರೆಯಬೇಕು. ಇಷ್ಟು ಹೇಳಿದ ಮೇಲೂ, ತಾನು ನುಡಿಸಲಾರದೆ ಹೋದ ವಾದ್ಯವನ್ನು ಇನ್ನೊಬ್ಬನು ನುಡಿಸಲೆಂದು ಹಣ ಕೊಟ್ಟವರ ಮನಸ್ಸನ್ನು ಬರಿಯ ದುಂದುಗಾರಿಕೆಯೆಂದು ಕರೆಯಲು ನಮಗೆ ನಾಲಗೆ ಬಾರದು.

೧೯೫೦ನೆಯ ಮೇ ೨೨ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ಹಿರಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಬಂದವು. ಎಂಬತ್ತು ದಾಟಿದ ಮೇಲೆ ಅವನ್ನು ರಚಿಸಿದ ಸ್ಟ್ರಾಸ್ ಹಿಂದಿನ ವರ್ಷವೇ ಮೃತರಾಗಿದ್ದರು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಎಂಬ ಮಹಿಳೆ, ವಾದ್ಯವೃಂದ ಫಿಲ್ಹಾರ್ಮೋನಿಯಾ. ಕಚೇರಿಗೆ ೪,೮೦೦ ಡಾಲರುಗಳ ಭರವಸೆ ಕೊಟ್ಟವರು ಜಯಚಾಮರಾಜ ಒಡೆಯರು. ಅವರು ಹೋಗಲಾಗಲಿಲ್ಲ, ಹಾಡುಗಳನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು. ಅವರ ಸಂಗ್ರಹದಲ್ಲಿ ಆಗ ಸುಮಾರು ೨೦,೦೦೦ ಮುದ್ರಿಕೆಗಳಿದ್ದವಂತೆ. ಆ ದಿನದ ಮುದ್ರಣ ಇಂದಿಗೂ ಉಳಿದಿದೆ. ಕರಕರ ಸದ್ದು ಬಹಳ. ಆ ಸದ್ದಿನ ಹಿಂದೆ ಹೆಂಗಸಿನ ಧ್ವನಿಯೊಂದು ದೂರದ ಬೆಟ್ಟದಿಂದ ಬಂದಂತೆ ಕೇಳುತ್ತದೆ.

ಇತ್ತ ಅರಮನೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಪಟ್ಟಕ್ಕೆ ಬಂದ ಮೇಲೆ ಅರಸರು ಕರ್ನಾಟಕ ಸಂಗೀತದ ಕಡೆ ಮನಸ್ಸು ತಿರುಗಿಸಿ, ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಅಭ್ಯಾಸ ಮಾಡಿದರು, ವೀಣೆಯನ್ನು ಕಲಿತರು. ದೇವೀ ಉಪಾಸಕರಾದ ಅವರು ಶ್ರೀವಿದ್ಯಾ ಎಂಬ ಅಂಕಿತದಿಂದ ೯೪ ಕೃತಿಗಳನ್ನು ರಚಿಸಿದರು. ಒಂದೊಂದು ಕೃತಿಗೂ ಬೇರೆ ಬೇರೆ ರಾಗ. ಕೆಲವು ರಾಗಗಳಲ್ಲಿ ಅದುವರೆಗೆ ಯಾರೂ ಕೃತಿಯನ್ನೇ ಮಾಡಿರಲಿಲ್ಲ. ಜಯಚಾಮರಾಜ ಗ್ರಂಥರತ್ನಮಾಲೆಯೆಂಬ ಹೆಸರಿನಲ್ಲಿ ಋಗ್ವೇದ, ಪುರಾಣಾದಿಗಳನ್ನು ಕನ್ನಡ ಅನುವಾದದೊಡನೆ ಪ್ರಕಟಿಸಿದ್ದೂ ಅವರೇ. ಕನ್ನಡಿಗರಿಗೆ ಇದೇ ಅವರ ದೊಡ್ಡ ಉಪಕಾರವೆಂದು ನಮ್ಮ ಎಣಿಕೆ.

ಅರಸೊತ್ತಿಗೆ ಮುಗಿದ ಮೇಲೆ ಅವರು ಮೈಸೂರಿನ ರಾಜಪ್ರಮುಖರಾದರು. ೧೯೫೬ನೆಯ ನವೆಂಬರ್ ೧ರಂದು ಹೈದರಾಬಾದ್ ರಾಜ್ಯ ಒಡೆದು ಬೀದರ್, ಗುಲ್ಬರ್ಗ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಆ ವಿಶಾಲ ರಾಜ್ಯಕ್ಕೆ ಅವರೇ ಮೊದಲ ರಾಜ್ಯಪಾಲರು. ಹೀಗೆ ನಿಜಾಮರ ಪ್ರಜೆಗಳಾಗಿದ್ದ ನಮ್ಮ ಅಜ್ಜಂದಿರಿಗೂ ಅವರು ಒಂದು ಲೆಕ್ಕದಲ್ಲಿ ದೊರೆಗಳಾದರು. ೧೯೬೪ರಿಂದ ೧೯೬೬ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. ೧೯೬೬ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋ ಗೌರವ ದೊರೆಯಿತು. ೧೯೭೧ರಲ್ಲಿ ರಾಜಧನವು ರದ್ದಾಯಿತು. ೧೯೭೪ನೆಯ ಸೆಪ್ಟೆಂಬರ್ ೨೩ರಂದು, ಐವತ್ತೈದನೆಯ ವಯಸ್ಸಿನಲ್ಲಿ, ಬೆಂಗಳೂರಿನ ಅರಮನೆಯಲ್ಲಿ ಅವರು ನಿಧನರಾದರು.

ಗಂಭೀರನಾಟ ರಾಗದಲ್ಲಿರುವ ಅವರ ಕೃತಿಯೊಂದನ್ನು ಈ ವರ್ಷದ ವಾರ್ಷಿಕೋತ್ಸವಕ್ಕೆಂದು ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಅಭ್ಯಾಸ ಮಾಡಿದ್ದಾರೆ. ಆ ರಾಗದ ಸ್ವರಗಳೈದೂ ನಮ್ಮ ಹಾರ್ಮೋನಿಯಮ್ಮಿನಲ್ಲಿ ಇನ್ನೂ ನುಡಿಯುತ್ತವೆ. ಪಿಯಾನೋ ಕೇಳಿದ ಬಾಲಕನಿಗೆ ಗಾಳಿ ಹಾಕುವ ಕೆಲಸವನ್ನು ಒಪ್ಪಿಸಿದ್ದೇವೆ.